ದೊಡ್ಡನೆಕ್ಕುಂದಿಗೆ ಹೋದ ಗ್ರಾಫೀನ್ ಪೆಟ್ಟಿಗೆ

ಬೆಳಿಗ್ಗೆ ಹತ್ತಕ್ಕೆ ಶಿವಾಜಿನಗರದ ರಿಪೇರಿ ಅಂಗಡಿಯಿಂದ ಹೊರಟೆ. ಕೈಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರೊಳಗೆ ನಾನೇ ಲ್ಯಾಬಿನಲ್ಲಿ ತಯಾರಿಸಿದ ಗ್ರಾಫೀನ್ ಪದರ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ವಸ್ತುವೇ, ಆದರೆ ದಪ್ಪ ಒಂದೇ ಒಂದು ಪರಮಾಣು. ಕೆಟ್ಟ ಆವಿ ಬಂದು ಕೂತರೆ ಅದರಲ್ಲಿ ಹರಿಯುವ ಕರೆಂಟು ಬದಲಾಗಿ ಪರದೆಯ ಮೇಲಿನ ಅಂಕಿ ಏರುತ್ತದೆ. ದೊಡ್ಡನೆಕ್ಕುಂದಿಯಲ್ಲಿ ಸ್ಟಿಕ್ಕರ್ ಮುದ್ರಿಸುವ ಶೆಡ್ಡಿನಲ್ಲಿ ದುಡಿಯುವ ನನ್ನ ಅಕ್ಕನಿಗೆ ಆರು ತಿಂಗಳಿಂದ ತಲೆನೋವು. "ಶೆಡ್ಡಿನ ಗಾಳಿಯೇ ಕಾರಣ ಅಂತ ನಿಮ್ಮ ಮಿಷನ್ ತೋರಿಸಿದ್ರೆ ಒಪ್ತೀನಿ. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಬಿಡ್ಬೇಕು" ಎಂದಿದ್ದರು ಅಲ್ಲಿಯ ಮಾಲೀಕರು.

ಸಡಿಲವಾಗಿದ್ದ ತಂತಿಗೆ ಬೆಸುಗೆ ಹಾಕಿಕೊಟ್ಟ ಅಂಗಡಿಯ ರಹಮತ್ ಭಾಯ್, "ಒಳ್ಳೇ ಕೆಲ್ಸಕ್ಕೆ ಹೊರಟಿದೀರಾ ಬೆಹೆನ್, ಇದು ಇಟ್ಕೊಳ್ಳಿ" ಎಂದು ಅತ್ತರಿನಲ್ಲಿ ಅದ್ದಿದ ಹತ್ತಿಯ ಚೂರು ಕೊಟ್ಟರು. ಬೇಡವೆನ್ನಲು ಮನಸ್ಸು ಬರಲಿಲ್ಲ. ಪೆಟ್ಟಿಗೆ ಇದ್ದ ಚೀಲಕ್ಕೇ ಸೇರಿಸಿದೆ.

ಹಲಸೂರು ಮೆಟ್ರೋವರೆಗೆ ಆಟೋಗೆ ಎಂಬತ್ತು ರೂಪಾಯಿ. ದಾರಿಯುದ್ದಕ್ಕೂ ಹಳ್ಳಗಳು, ಪೆಟ್ಟಿಗೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡೆ. ರೈಲು ಇಂದಿರಾನಗರ ದಾಟುವಾಗ ಸುಮ್ಮನೆ ಸ್ವಿಚ್ ಹಾಕಿ ನೋಡಿದರೆ ಅಂಕಿ ಏರುತ್ತಲೇ ಇದೆ! ಎಸಿ ಬೋಗಿಯಲ್ಲಿ ಎಲ್ಲಿಯ ವಿಷ? ಪದರವೇ ಹರಿದುಹೋಗಿರಬೇಕು. ಅಕ್ಕನಿಗೆ ಏನೆಂದು ಹೇಳುವುದು?

ಕೆ.ಆರ್. ಪುರದಲ್ಲಿ ಇಳಿದು ಚೀಲ ಬಿಚ್ಚಿದೆ. ಅತ್ತರು ಘಮ್ಮೆಂದಿತು. ಪೆಟ್ಟಿಗೆಗೆ ಅತ್ತರಿನ ಆವಿಯೂ ಒಂದೇ, ವಿಷದ ಆವಿಯೂ ಒಂದೇ. ಆವಿ ಹಿಡಿಯುವುದನ್ನೇ ಕಸುಬು ಮಾಡಿಕೊಂಡವಳಿಗೆ ಇಷ್ಟೂ ಬುದ್ಧಿ ಬೇಡವೇ! ಹತ್ತಿಯನ್ನು ಕವರಿನಲ್ಲಿ ಗಂಟು ಕಟ್ಟಿ ಪರ್ಸಿಗೆ ಹಾಕಿ, ಪೆಟ್ಟಿಗೆಯನ್ನು ಗಾಳಿಗೆ ಹಿಡಿದು ನಿಂತೆ. ಹತ್ತು ನಿಮಿಷದಲ್ಲಿ ಅಂಕಿ ಇಳಿಯಿತು, ನನಗೂ ಹೋದ ಜೀವ ಬಂತು. ಅಲ್ಲಿಂದ ಬಸ್ಸು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ರಿಂಗ್ ರಸ್ತೆಯ ನಾಲ್ಕೈದು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಶೆಡ್ಡಿನಲ್ಲಿ ಮುದ್ರಣದ ಮೇಜಿನ ಬಳಿ ಅಂಕಿ ಹೆಚ್ಚೇನೂ ಏರಲಿಲ್ಲ. "ನೋಡಿದ್ರಾ ಮೇಡಂ?" ಎಂದು ಮಾಲೀಕರು ನಕ್ಕರು. ಅಕ್ಕ ತಲೆ ತಗ್ಗಿಸಿ ತನ್ನ ಸ್ಟೂಲಿಗೆ ಹೋಗಿ ಕೂತಳು. ಅವಳ ಬೆನ್ನ ಹಿಂದೆ ಒಂದು ಹಗ್ಗ. ಶಾಯಿ ಕರಗಿಸುವ ಥಿನ್ನರಿನಲ್ಲಿ ಅದ್ದಿ ಒರೆಸಿದ ಬಟ್ಟೆಗಳನ್ನು ಮತ್ತೆ ಬಳಸಲೆಂದು ಅಲ್ಲೇ ಒಣಹಾಕುವುದು ಆ ಶೆಡ್ಡಿನ ಪದ್ಧತಿ. ಪೆಟ್ಟಿಗೆಯನ್ನು ಅತ್ತ ಒಯ್ದೆ. ಅಂಕಿ ಒಮ್ಮೆಲೇ ಎಗರಿ ಕೆಂಪು ದೀಪ ಹತ್ತಿಕೊಂಡಿತು.

ಮಾಲೀಕರ ನಗು ನಿಂತಿತು. "ಬಟ್ಟೆ ಬಿಸಾಕ್ಬೇಡಿ, ಒಣಗ್ಸಿ ಅಂತ ನಾನೇ ಹೇಳಿದ್ದು ರೀ" ಎಂದವರೇ ತಾವೇ ಹಗ್ಗ ಬಿಚ್ಚಿ ಬಟ್ಟೆ ಸಮೇತ ಹೊರಗಿನ ಬಯಲಿಗೆ ಒಯ್ದರು. ಕಿಟಕಿಗಳೆಲ್ಲ ತೆರೆದವು. ಅಕ್ಕ ತಂದಿದ್ದ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡು ತಿನ್ನುವಷ್ಟರಲ್ಲಿ ಕೆಂಪು ದೀಪ ಆರಿತ್ತು. ಅಂಥ ರುಚಿಯ ಚಿತ್ರಾನ್ನ ನಾನು ತಿಂದಿಲ್ಲ.

ಅಕ್ಕ ಬಸ್ ಸ್ಟಾಪಿನವರೆಗೆ ಬಂದಳು. ಅವಳು ತಲೆನೋವು ಎಂದಾಗೆಲ್ಲ ಭಾವ ಅದನ್ನು ಕೆಲಸ ತಪ್ಪಿಸುವ ನೆಪ ಎಂದಿದ್ದರು. ಕನ್ನಡಕ ಬದಲಿಸು ಎಂದು ಮೊದಮೊದಲು ನಾನೂ ತಳ್ಳಿಹಾಕಿದ್ದೆ. ಅವಳು ನನ್ನ ಕೈ ಹಿಡಿದು ಹೇಳಿದಳು: "ನೀವೆಲ್ಲ ಹೇಳೀ ಹೇಳೀ, ನಾನೇ ನಾಟಕ ಆಡ್ತಿದೀನೇನೋ ಅನ್ಕೊಂಡ್ಬಿಟ್ಟಿದ್ದೆ ಕಣೇ."

ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು, ಜನ ನನ್ನನ್ನು ಒಳಕ್ಕೆ ನೂಕಿದರು. ಹೇಗೋ ಕಿಟಕಿ ಹಿಡಿದು, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ: "ತಪ್ಪಾಯ್ತು ಅಕ್ಕಾ!"