ಉಪವಾಸದ ಮನೆಗೆ ಬಂದ ಬುತ್ತಿ

ಶುಭ ಶುಕ್ರವಾರದ ಬೆಳಿಗ್ಗೆ ಬಾಗಿಲು ತೆರೆದರೆ ಓಣಿಯ ಹೆಂಗಸರೆಲ್ಲ ನನ್ನ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದರು. ನನ್ನ ಮನೆಯಲ್ಲಿ ಸತ್ತವರು ಯಾರೆಂದು ನನಗೇ ಗೊತ್ತಿರಲಿಲ್ಲ.

ಮಂಗಳೂರಿನ ನನ್ನ ಜನರೇ, ಈ ಮೂಡಲಗಿ ಎಲ್ಲಿದೆ ಎಂದು ನೀವು ಕೇಳುತ್ತಲೇ ಇರುತ್ತೀರಿ. ಗೋಕಾಕದಿಂದ ಎತ್ತಿನ ಗಾಡಿಯಲ್ಲಿ ಧೂಳು ತಿನ್ನುತ್ತ ಹೊರಟರೆ ಸೊಂಟ ಮುರಿಯುವ ಹೊತ್ತಿಗೆ ಸಿಗುತ್ತದೆ. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ಒಂದು ಹಿತ್ತಿಲಾದರೂ ಇರುತ್ತದೆ. ನೆರೆಯವನನ್ನು ಪ್ರೀತಿಸುವುದು ಅಲ್ಲಿ ಸುಲಭ, ಅವನು ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಗೋಡೆಗೆ ಗೋಡೆ ಅಂಟಿದೆ. ನಾನು ಸೀನಿದರೆ ಪಕ್ಕದ ಮನೆಯ ಗಂಗವ್ವ ‘ಶಿವಶಿವಾ’ ಅನ್ನುತ್ತಾರೆ. ಕುಚ್ಚಲಕ್ಕಿಯ ಗಂಜಿ ಉಂಡು ಬೆಳೆದವನಿಗೆ ಜೋಳದ ರೊಟ್ಟಿ ಮುರಿಯಲು ಮೊದಮೊದಲು ಎರಡೂ ಕೈ ಬೇಕಾಗುತ್ತಿದ್ದವು. ಈಗ ಒಂದೇ ಕೈಯಲ್ಲಿ ಮುರಿಯುತ್ತೇನೆ.

ನೆರೆಯವರಿಗೆ ಕರುಣೆ ತೋರಿಸಿರಿ ಎಂದು ಮಿಷನ್ ಶಾಲೆಯ ಮಕ್ಕಳಿಗೆ ಹೇಳಿಕೊಡಲು ಬಂದ ಮಾಸ್ತರ ನಾನು. ಆದರೆ ವರ್ಷವಾಗುತ್ತ ಬಂದರೂ ನೆರೆಯವರೊಬ್ಬರೂ ನನ್ನ ಹೊಸ್ತಿಲು ದಾಟಿರಲಿಲ್ಲ. ಬೀದಿಯಲ್ಲಿ ‘ಆರಾಮ ಅದೀರೇನ್ರಿ?’ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಗಂಗವ್ವನಂತೂ ನನ್ನ ಕೈಯ ನೀರನ್ನೂ ಕುಡಿಯುವವರಲ್ಲ. ಸಂಜೆ ಒಬ್ಬನೇ ಕುಳಿತರೆ ಅಳು ಬರುತ್ತಿತ್ತು. ಈಸ್ಟರ್ ಮುಗಿದ ಕೂಡಲೇ ಊರಿಗೆ ವರ್ಗ ಕೇಳುವುದೆಂದು ಗಟ್ಟಿ ಮಾಡಿದ್ದೆ.

ಇಲ್ಲಿಯ ಪದ್ಧತಿಯೊಂದು ನನಗೆ ತಿಳಿದಿರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರೇ ಬುತ್ತಿ, ಅಂದರೆ ಕಟ್ಟಿದ ಊಟ, ತಂದು ಉಣಿಸುತ್ತಾರೆ. ನಾನೋ ಉಪವಾಸದವನು, ಒಲೆ ಹೊತ್ತಿಸಿರಲಿಲ್ಲ. ಕರಿ ಕೋಟು ತೊಟ್ಟು, ಬಾಗಿಲು ಮುಚ್ಚಿ, ಯೇಸುಸ್ವಾಮಿಯ ಮರಣದ ಅಧ್ಯಾಯವನ್ನು ಗದ್ಗದ ಕಂಠದಿಂದ ಗಟ್ಟಿಯಾಗಿ ಓದುತ್ತಿದ್ದೆ. ಓಣಿಗೆ ಇನ್ನೇನು ಬೇಕು?

“ಮಾಸ್ತರ, ಯಾರು ತೀರಿಕೊಂಡ್ರು?” ಗಂಗವ್ವ ಬುತ್ತಿಯ ಗಂಟು ಹಿಡಿದು ಕೇಳಿದರು.

“ಯೇಸುಸ್ವಾಮಿ” ಎಂದೆ. ಸುಳ್ಳು ಹೇಳುವಂತಿರಲಿಲ್ಲ.

“ಬಾಳ ವಯಸ್ಸಾಗಿತ್ತೇನ್ರಿ?”

“ಮೂವತ್ತಮೂರು.”

“ಯವ್ವಾ, ಎಳೀ ಜೀವ! ಹಡದಾಕಿ ಅದಾಳೇನು?”

“ಅಲ್ಲೇ ನಿಂತು ನೋಡುತ್ತಿದ್ದರು.”

ಗಂಗವ್ವ ಹೊಸ್ತಿಲು ದಾಟಿ ಬಂದು ನೆಲದ ಮೇಲೆ ಕುಸಿದರು. ಅವರ ಒಬ್ಬನೇ ಮಗ ಪ್ಲೇಗಿನಲ್ಲಿ ಹೋದದ್ದನ್ನು ಪಕ್ಕದಲ್ಲಿದ್ದವಳು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಹೆದರಿಕೆಯಾಯಿತು. ಇದು ಸಾವಿರಾರು ವರ್ಷ ಹಿಂದಿನ ಮಾತೆಂದೂ, ಇವತ್ತು ನನಗೆ ಉಪವಾಸವೆಂದೂ ತೊದಲುತ್ತ ಹೇಳಿದೆ. ಇವರೆಲ್ಲ ಸಿಟ್ಟಿಗೆದ್ದು ಹೋದರೆ ಮತ್ತೆ ಯಾರೂ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ.

ಗಂಗವ್ವ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. “ಅಂದ್ರ ಅಷ್ಟು ವರ್ಷದಿಂದ ನಿಮ್ಮ ಮಂದಿ ಉಣಲಾರದ ಕುಂತೀರಿ? ಯಾರೂ ಬುತ್ತಿ ತಂದ ಇಲ್ಲೇನು?”

ಗಂಟು ಬಿಚ್ಚಿ ರೊಟ್ಟಿಯನ್ನು ನನ್ನ ಮುಂದೆ ಇಟ್ಟರು.

“ಸಾವಿನ ಮನಿಗೆ ತಂದ ಬುತ್ತಿ ಹೊಳ್ಳಿ ಒಯ್ಯಾಂಗಿಲ್ಲ ಮಾಸ್ತರ. ಉಣ್ರಿ.”

ಉಪವಾಸ ಉಳಿಸಿಕೊಂಡರೆ ನೆರೆ ಹೋಗುತ್ತದೆ, ನೆರೆ ಉಳಿಸಿಕೊಂಡರೆ ಉಪವಾಸ. ಮನಸ್ಸಿನಲ್ಲೇ ಕ್ಷಮೆ ಕೇಳಿ ರೊಟ್ಟಿ ಮುರಿದೆ. ಹಸಿಮೆಣಸಿನ ಖಾರಕ್ಕೆ ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು. “ಈಗ ಅಳು ಬಂತು ನೋಡ್ರಿ, ಎದಿ ಹಗರಾತು” ಎಂದು ಹೆಂಗಸರು ಸಮಾಧಾನಪಟ್ಟರು. ಖರೆ ಹೇಳುತ್ತೇನೆ, ಆ ಕಣ್ಣೀರು ಅಷ್ಟೂ ಖಾರದ್ದಾಗಿರಲಿಲ್ಲ.

ಭಾನುವಾರ ಬಿಳಿ ಅಂಗಿ ತೊಟ್ಟು ಗಂಗವ್ವನ ಕಟ್ಟೆಗೆ ನಾನೇ ಹೋದೆ. ಸ್ವಾಮಿ ಎದ್ದು ಬಂದರೆಂದು ಹೇಳಿದೆ.

“ಚಲೋ ಆತು ಬಿಡ್ರಿ! ಮೊದಲ ಅವ್ವನ್ನ ನೋಡಾಕ ಹೋದ್ರೋ ಇಲ್ಲೋ?”

“ಹಾಗೆಂದು ಬರೆದಿಲ್ಲ.”

“ಬರೀದಿದ್ರೇನು, ಹೋಗೇ ಇರತಾರ. ನಿಮ್ಮವ್ವ ಅದಾಳಲ್ಲ, ನೀವ್ಯಾವಾಗ ಹೋಗಾವ್ರು?”

ವರ್ಗ ಕೇಳಲಿಲ್ಲ. ಬೇಸಿಗೆ ರಜೆಗೆ ಮಾತ್ರ ಊರಿಗೆ ಹೋದೆ. ಅಮ್ಮ ಬಂಗುಡೆ ಸಾರು ಬಡಿಸುತ್ತ ಈ ಕಥೆಯನ್ನೆಲ್ಲ ಕೇಳಿ ನಕ್ಕರು. ಆಮೇಲೆ ಸೌಟು ಕೆಳಗಿಟ್ಟರು. ರಜೆ ಇನ್ನೂ ಅರ್ಧ ಉಳಿದಿತ್ತು.

“ಇಲ್ಲಿ ನಿನ್ನ ತಮ್ಮಂದಿರು ಇದ್ದಾರೆ ಮಗಾ. ಅಲ್ಲಿ ಆ ಗಂಗವ್ವನಿಗೆ ಇದ್ದ ಮಗ ಒಬ್ಬನೇ, ಅವನೂ ಹೋದ. ನೀನು ಯಾಕೆ ಇಲ್ಲೇ ಕೂತಿದ್ದೀ?”

ನನಗೆ ಕೋಪ ಬಂತು. ಮೂಡಲಗಿಯವರು ಊರಿಗೆ ಹೋಗು ಅನ್ನುತ್ತಾರೆ, ಊರಿನವರು ಮೂಡಲಗಿಗೆ ಹೋಗು ಅನ್ನುತ್ತಾರೆ. ಇರು ಎನ್ನುವವರು ಯಾರೂ ಇಲ್ಲ. ಆದರೆ ಎರಡೂ ಕಡೆ ಹೊರಡುವ ದಿನ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ.