ಟೈಪಿಂಗ್ ಮೇಡಂ ತಿದ್ದಿದ ಅರ್ಜಿ

ಟೈಪಿಂಗ್ ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಸ್ವಲ್ಪ ಹಿಂದಕ್ಕೆ ಬಾಗಿತ್ತು. ಮೂವತ್ತು ವರ್ಷ ಹಳೇ ಟೈಪ್‌ರೈಟರ್ ಕುಟ್ಟಿ ಹಾಗಾದದ್ದು. ತಾವು ಕಲಿಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಅವರು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿದ್ದ ನನ್ನ ಡಿಟಿಪಿ ಅಂಗಡಿಗೆ ದಿನಾ ಪೇಪರ್ ಓದಲು ಬರುತ್ತಿದ್ದರು. ಪೇಪರ್ ಮುಗಿದರೆ ನಾನು ಹೊಡೆದಿಟ್ಟ ಇಂಗ್ಲಿಷ್ ಅರ್ಜಿಗಳನ್ನು ಎಳೆದುಕೊಂಡು, ಒಂದೊಂದು ಪದದ ಕೆಳಗೂ ಆ ಬೆರಳಿಟ್ಟು ಓದುವರು. ಬಾಯಲ್ಲಿ ಒಂದೇ ಥರ ಬಂದು ಅಕ್ಷರದಲ್ಲಿ ಬೇರೆಯಾಗುವ ಪದಗಳು ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಾಲೇಜಿನ ಪ್ರಿನ್ಸಿಪಾಲರಿಗೆ ಬರೆಯಬೇಕಾದ ರಜಾ ಅರ್ಜಿಯನ್ನು ನಾನು ‘principal’ ಬದಲು ‘principle’ ಎಂದು ಹೊಡೆದು, ‘ಸಿದ್ಧಾಂತ’ಕ್ಕೆ ಬರೆದಿರುತ್ತಿದ್ದೆ.

ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲವಲ್ಲ ಎಂದರೆ, “ಅದಕ್ಕೆ ಸ್ಪೆಲಿಂಗ್ ಗೊತ್ತು ಕಣವ್ವ, ಬಂದೋರ ಕಷ್ಟ ಗೊತ್ತಿಲ್ಲ” ಎನ್ನುವರು.

ಒಂದು ಸಂಜೆ ಹಂಪಾಪುರದ ಕಡೆಯ ಹೆಂಗಸೊಬ್ಬಳು ಬಂದಳು. ಮೈಸೂರಿನ ಕಾರ್ಖಾನೆಯೊಂದರಲ್ಲಿದ್ದ ಗಂಡ ತೀರಿಕೊಂಡಿದ್ದ. ತನಗೊಂದು ಕೆಲಸ ಕೊಡಿ ಎಂದು ಅರ್ಜಿ. ಬೆಳಗಿನಿಂದ ಕೂತು ನನ್ನ ಬೆನ್ನು ಹಿಡಿದುಕೊಂಡಿತ್ತು. ಅವಳ ಬಸ್ಸು ಹೊರಟು ನಿಂತಿತ್ತು. ಮೇಡಂಗೆ ತೋರಿಸದೆ ಪ್ರಿಂಟ್ ಕೊಟ್ಟುಬಿಟ್ಟೆ.

ಮೈಸೂರಿನವರು ಅವಳನ್ನು ಮೂರು ಸಲ ಓಡಾಡಿಸಿದರು. ಗಂಡನ ಚಿಕಿತ್ಸೆಯ ಕಾಗದ ತನ್ನಿ ಎಂದು ಹೆಡ್ ಆಫೀಸಿನವರು ಕೇಳಿದ್ದಾರಂತೆ. ಕೊನೆಗೆ ಅರ್ಜಿ ಹಿಡಿದು ಅಂಗಡಿಗೇ ಬಂದಳು. ಮೇಡಂ ಓದುತ್ತಾ ಓದುತ್ತಾ ಒಂದು ಪದದಲ್ಲಿ ನಿಂತರು. ‘ತೀರಿಕೊಂಡ’ ಎನ್ನುವ ‘deceased’ ಪದದ ಜಾಗದಲ್ಲಿ, ಕೇಳಲು ಹೆಚ್ಚುಕಡಿಮೆ ಹಾಗೇ ಇರುವ, ‘ಕಾಯಿಲೆಬಿದ್ದ’ ಎನ್ನುವ ‘diseased’ ಹೊಡೆದಿದ್ದೆ. ಮಣ್ಣಾದವನು ನನ್ನ ಕಾಗದದಲ್ಲಿ ಇನ್ನೂ ಹಾಸಿಗೆ ಹಿಡಿದು ಮಲಗಿದ್ದ.

ಅವಳೆದುರು ಮೇಡಂ ನನ್ನ ತಪ್ಪು ಎತ್ತಿ ಆಡಲಿಲ್ಲ. ಹೊಸದಾಗಿ ಟೈಪ್ ಮಾಡಿಸಿ ಎರಡು ಸಲ ಓದಿದರು. ಮರುದಿನ ಊದಿದ ಕಾಲಿನಲ್ಲೇ ಅವಳ ಜೊತೆ ಮೈಸೂರಿನ ಬಸ್ಸು ಹತ್ತಿದರು. ಸಂಜೆ ಬಂದು ಕುರ್ಚಿಗೆ ಒರಗಿ, “ಟೈಪ್ ಮಾಡ್ದೋಳು ನಾನೇ, ಕಣ್ಣು ಮಂಜು ಅಂತ ಆಫೀಸ್ನೋರಿಗೆ ಅಂದೆ. ಹೊಸ ಅರ್ಜಿ ತಗೊಂಡ್ರು. ಸಾಕಾಯ್ತು ಕಣವ್ವ, ಒಂದ್ ಲೋಟ ನೀರು ಕೊಡು” ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಆ ಹೆಂಗಸಿಗೆ ಕೆಲಸ ಸಿಕ್ಕಿತು. ಕಾಗದ ನೋಡಿಕೊಡದ ತಪ್ಪು ತಮ್ಮದೇ ಎಂದು ಅವಳಿಗೂ ಮೇಡಂ ಹೇಳಿರಬೇಕು ಎಂದುಕೊಂಡು ನಾನು ತಪ್ಪು ಒಪ್ಪಿಕೊಳ್ಳಲಿಲ್ಲ.

ಎರಡು ವರ್ಷದ ಮೇಲೆ ಮೇಡಂ ತೀರಿಹೋದರು. ಹನ್ನೊಂದನೆಯ ದಿನದ ಊಟಕ್ಕೆ ಅವಳು ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದು ನನ್ನ ಪಕ್ಕದ ಎಲೆಗೆ ಕೂತಳು. ತಡೆಯಲಾರದೆ, ಅಂದಿನ ತಪ್ಪು ನನ್ನದು ಎಂದು ಹೇಳಿಬಿಟ್ಟೆ.

“ಗೊತ್ತು ಬುಡಿ ಅಕ್ಕ” ಎಂದಳು. “ಬಸ್ಸಲ್ಲೇ ಯೋಳಿದ್ರು. ಆ ಉಡುಗಿ ಬೆಳಗ್ಗಿಂದ ಬೈಗಿನ್ ಗಂಟ ಕುಟ್ಟಿ ಕುಟ್ಟಿ ಸೋತೋಗಿರ್ತಾಳೆ, ಅವಳನ್ನ ಏನೂ ಅನ್‌ಬ್ಯಾಡ ಅಂದ್ರು.”

ನಾನು ಸೋತದ್ದು ಯಾರ ಕಣ್ಣಿಗೂ ಬಿದ್ದಿಲ್ಲವೆಂದೇ ಅಷ್ಟು ವರ್ಷ ನಂಬಿದ್ದೆ. ಎಲೆಯ ಮೇಲಿನ ಅನ್ನ ಕಲಸತೊಡಗಿದೆ.