ಎದುರುಬದುರು ಎರಡು ಕುರ್ಚಿ

ಮನುಷ್ಯನ ವಿಚಿತ್ರಗಳಲ್ಲಿ ಇದೂ ಒಂದು: ಬಿಸಿಲು ತಾಗಬಾರದು, ಮಳೆ ತಾಗಬಾರದು ಎಂದು ಜೀವ ತೇದು ಮನೆ ಕಟ್ಟಿಸುತ್ತಾನೆ, ಗೃಹಪ್ರವೇಶದ ಹೋಮದ ಹೊಗೆ ಆರುವ ಮೊದಲೇ ಹೊರಗೆ ಬಂದು, ಕೂರಲಿಕ್ಕೆ ಎಲ್ಲಿ ಜಾಗ ಇದೆ ಎಂದು ಹುಡುಕುತ್ತಾನೆ. ನೀವೇ ನೆನಪು ಮಾಡಿಕೊಳ್ಳಿ. ನೆಂಟರ ಮನೆಗೆ ಹೋದಾಗ ಅವರು ಒಳಗೆ ಬನ್ನಿ, ಒಳಗೆ ಬನ್ನಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೂ, ‘ಇರ್ಲಿ ಮಾರಾಯ್ರೆ, ಇಲ್ಲೇ ಗಾಳಿ ಚೆನ್ನಾಗಿದೆ’ ಎಂದು ನೀವು ಜಗಲಿಯ ತುದಿಯಲ್ಲೇ ಕುಕ್ಕರಿಸಿದ್ದಿಲ್ಲವೇ? ಗೃಹ ಎಂಬ ಶಬ್ದಕ್ಕೆ ‘ಹಿಡಿದಿಡುವುದು’ ಎಂಬ ಮೂಲಾರ್ಥವಿರುವುದರಿಂದ ಮನೆಯೊಳಗೆ ಹೊಕ್ಕವನಿಗೆ ಸಿಕ್ಕಿಬಿದ್ದ ಭಾವ ಬರುವುದು ಶಾಸ್ತ್ರಸಮ್ಮತವೇ ಆಗಿದೆ. ಹೊಸನಗರದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದ ನನಗೆ ಇಂಥ ವ್ಯುತ್ಪತ್ತಿಗಳು ಕೇಳಿದ ಕೂಡಲೇ ಹೊಳೆಯುತ್ತಿದ್ದವು. ಹೊಳೆಯದೆ ಇದ್ದದ್ದು ಲೋಕವ್ಯವಹಾರ ಮಾತ್ರ.

ಅದು ಅರವತ್ತರ ದಶಕ, ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಪರೀಕ್ಷೆಯ ಕೆಲಸಕ್ಕೆಂದು ಸಾಗರಕ್ಕೆ ಹೋದವನು, ಅಣೆಕಟ್ಟಿನ ಕೆಲಸದಲ್ಲಿ ಎಂಜಿನಿಯರನಾಗಿದ್ದ ನನ್ನ ಹಳೆಯ ಸಹಪಾಠಿಯನ್ನು ನೋಡಿಬರೋಣವೆಂದು ಅವನ ಕ್ವಾರ್ಟರ್ಸಿಗೆ ಹೋದೆ. ಅಲ್ಲಿ ನಾನು ಕಂಡ ದೃಶ್ಯವನ್ನು ಹೇಗೆ ವರ್ಣಿಸಲಿ! ಮನೆಯ ಮುಂದೆ ಕತ್ತರಿಸಿ ಸಮಮಾಡಿದ ಹಸಿರು ಹುಲ್ಲು, ಹುಲ್ಲಿನ ಸುತ್ತ ಹೂವಿನ ಪಾತಿ, ನಡುವೆ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ಇವನು, ಎದುರಿನದರಲ್ಲಿ ಇವನ ಹೆಂಡತಿ. ಇಬ್ಬರೂ ಚಾ ಕುಡಿಯುತ್ತಾ, ಏನೋ ಮಾತಾಡಿಕೊಂಡು ನಗುತ್ತಿದ್ದರು. ಹಾಡಹಗಲಲ್ಲಿ, ಮನೆಮಾಡಿನ ಹೊರಗೆ, ಗಂಡ ಹೆಂಡತಿ ಎದುರುಬದುರು ಕೂತು! ಕಾವ್ಯಗಳಲ್ಲಿ ಬರುವ ಲತಾಮಂಟಪ, ಕೇಳೀವನ, ಪುಷ್ಪವಾಟಿಕೆಗಳನ್ನೆಲ್ಲ ವರ್ಷವರ್ಷವೂ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದ ನಾನು ಅವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಚಾ ಕೊಟ್ಟರು, ಕುಡಿದೆ. ಆದರೆ ಹೊಟ್ಟೆಯೊಳಗೆ ಚಾ ಅಲ್ಲ, ಆಸೆ ಇಳಿಯಿತು.

ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಶಾರದೆಯನ್ನು ಕೈಹಿಡಿದು ವರ್ಷಗಳಾಗಿದ್ದವು; ಆದರೆ ಅವಳ ಎದುರಿಗೆ ಕೂತದ್ದು ಧಾರೆಯ ಮಂಟಪದಲ್ಲಿ ಮಾತ್ರ. ಆಮೇಲೆ ನಾನು ಊಟಕ್ಕೆ ಕೂತಾಗ ಅವಳು ಬಡಿಸುತ್ತಾ ನಿಂತಿರುತ್ತಾಳೆ, ಅವಳು ಕೂತಾಗ ನಾನು ಕೈತೊಳೆದು ಎದ್ದಿರುತ್ತೇನೆ. ಜಗಲಿಯಲ್ಲಿ ನಾನು, ಬಾಗಿಲ ಸಂದಿನಲ್ಲಿ ಅವಳು. ಅವಳ ಬಳೆಯ ಸದ್ದನ್ನು ನೂರು ಬಳೆಗಳ ನಡುವೆ ಗುರುತಿಸಬಲ್ಲೆ. ಅವಳು ನಿಧಾನವಾಗಿ ಕೂತು ನಗುವಾಗ ಮುಖ ಹೇಗಿರುತ್ತದೆ ಎಂದು ಕೇಳಿದರೆ ಊಹೆಯಿಂದ ಉತ್ತರ ಬರೆಯಬೇಕು. ಒಂದೇ ಒಂದು ಸಂಜೆ ಅವಳೆದುರು ಕೂತು ಕಾಫಿ ಕುಡಿಯಬೇಕು, ಇದೇ ನನ್ನ ಪರಮಪುರುಷಾರ್ಥವಾಯಿತು.

ಹೊಸನಗರಕ್ಕೆ ಮರಳಿದವನೇ ತೀರ್ಥಹಳ್ಳಿ ರಸ್ತೆಗೆ ಮುಖಮಾಡಿದ ನಮ್ಮ ಪುಟ್ಟ ಮನೆಯ ಅಂಗಳದಲ್ಲಿ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಹಾಶಿಲ್ಪಿಯ ಗತ್ತಿನಲ್ಲಿ ಆ ಕಡೆ ಈ ಕಡೆ ಓಡಾಡಿದೆ. ಇಲ್ಲಿ ಮಲ್ಲಿಗೆಯ ಚಪ್ಪರ, ಅಲ್ಲಿ ದಾಸವಾಳದ ಬೇಲಿ, ನಡುವೆ ಹುಲ್ಲುಹಾಸು. ಹೆಸರಿಗೇನು ಬರ, ‘ವಿಶ್ರಾಂತಿವಾಟಿಕೆ’ ಎಂದು ಇಟ್ಟೆ. ಮನೆಯವರು ಮಾತ್ರ ಕೊನೆಯವರೆಗೂ ಅದನ್ನು ‘ಆ ಹೊರಗಿಂದು’ ಎಂದೇ ಕರೆದರು.

ಹುಲ್ಲಿನಿಂದಲೇ ಆರಂಭಿಸಿದೆ. ನಮ್ಮ ಸೀಮೆಯಲ್ಲಿ ಹುಲ್ಲು ನೆಡುವವನನ್ನು ನೀವು ಕಂಡಿರಲಿಕ್ಕಿಲ್ಲ. ಒಂದು ಮಳೆಗಾಲ ಕಳೆದರೆ ಹಂಚಿನ ಮೇಲೆ ಹುಲ್ಲು, ಗೋಡೆಯ ಮೇಲೆ ಹುಲ್ಲು. ಒಂದೇ ಕಡೆ ಬಹಳ ಹೊತ್ತು ನಿಂತರೆ ನಮ್ಮ ಮೇಲೂ ಹುಟ್ಟೀತು. ಅಂಥ ಊರಿನಲ್ಲಿ ನಾನು ಕೆರೆಯ ದಂಡೆಯಿಂದ ಗರಿಕೆ ಕಿತ್ತು ತಂದು, ಸೊಂಟ ಬಗ್ಗಿಸಿ, ಸಾಲು ಹಿಡಿದು ನೆಟ್ಟೆ. ಪಕ್ಕದ ಮನೆಯ ರಿಟೈರ್ಡ್ ಶೇಕ್ದಾರ್ ರಾಯರು ಬೇಲಿಯ ಮೇಲಿಂದ ನೋಡಿ, ‘ಪಂಡಿತರೆ, ದನ ಎಷ್ಟು ಕಟ್ತೀರಿ?’ ಎಂದು ಕೇಳಿದರು. ನಾನು ನಕ್ಕು ಮುಂದಿನ ಸಾಲು ನೆಟ್ಟೆ. ದೊಡ್ಡ ಕೆಲಸಗಳಿಗೆ ಮೊದಲು ಬರುವುದು ಅಪಹಾಸ್ಯವೇ ತಾನೆ.

ಗರಿಕೆ ಚಿಗುರಿತು, ಹಬ್ಬಿತು, ಹಸಿರಾಯಿತು. ಶಾಲೆಯಲ್ಲಿ ಪಾಠ ಮಾಡುವಾಗಲೂ ಅದರದೇ ಧ್ಯಾನ. ಆದರೆ ಒಂದು ಸಂಜೆ ಬಂದು ನೋಡುತ್ತೇನೆ, ಎಲ್ಲಿದೆ ಹುಲ್ಲು! ಅಂಗಳ ನುಣ್ಣಗೆ ಬೋಳಾಗಿದೆ. ಮೇಲೆ ಹಸಿ ಸಗಣಿಯ ಸಾರಣೆ, ಅದರ ಮೇಲೆ ದೊಡ್ಡ ರಂಗೋಲಿ. ಅಮ್ಮ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಅಂಗಳದ ಹುಲ್ಲು ಹೆರೆದು, ಬಡಿದು, ಸಾರಿಸುವುದು ನಮ್ಮಲ್ಲಿ ಗೃಹಿಣಿಯ ಮಾನದ ಪ್ರಶ್ನೆ ಎಂಬುದನ್ನು ಲತಾಮಂಟಪದ ಗುಂಗಿನಲ್ಲಿ ನಾನು ಮರೆತೇಬಿಟ್ಟಿದ್ದೆ.

‘ನೋಡ್ದ್ಯಾ, ಈಗ ಮನೆ ಅಂತ ಕಾಣ್ತದೆ. ಕಾಡು ಬೆಳ್ದ ಹಾಗೆ ಬೆಳ್ದಿತ್ತು ಮಾರಾಯ. ನಿಂಗೆ ಸ್ಕೂಲ್ ಬಿಟ್ಟು ಪುರುಸೊತ್ತೆಲ್ಲಿ ಪಾಪ, ನಾನೇ ಆಳು ಹಿಡ್ದು ಹೆರೆಸ್ದೆ’ ಎಂದಳು.

‘ಅಮ್ಮಾ, ಅದನ್ನ ನಾನೇ ನೆಟ್ಟದ್ದು!’

‘ಗೊತ್ತು, ನೋಡಿದೀನಿ. ಗಣಪತಿಗೆ ಅಷ್ಟೊಂದು ಗರಿಕೆ ಎಂತಕ್ಕೋ? ಬೇಕಾದಷ್ಟು ತುಳಸಿಕಟ್ಟೆ ಬುಡದಲ್ಲಿ ಉಳಿಸಿದೀನಿ, ಹೆದ್ರಬೇಡ.’

ಬಾಗಿಲ ಸಂದಿನಲ್ಲಿ ಬಳೆ ಸದ್ದಾಯಿತು. ಒಳಗೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಮ್ಮನಿಗೆ ಹುಲ್ಲುಹಾಸಿನ ಸೌಂದರ್ಯತತ್ತ್ವವನ್ನು ವಿವರಿಸಲು ಹೋದೆ. ಅವಳು ಪೂರ್ತಿ ಕೇಳಿಸಿಕೊಂಡು, ‘ಅಂಗಳದಲ್ಲಿ ಹುಲ್ಲು ಬೆಳೆದ ಮನೆಗೆ ಹೆಣ್ಣು ಕೊಡ್ತಾರೇನೋ?’ ಎಂದಳು. ನನಗಾಗಲೇ ಕೊಟ್ಟಾಗಿದೆ ಎಂಬ ಉತ್ತರ ಗಂಟಲಿನವರೆಗೆ ಬಂದಿತ್ತು, ನುಂಗಿಕೊಂಡೆ.

ಇರಲಿ, ಹುಲ್ಲು ಗೌಣ, ಕುರ್ಚಿ ಪ್ರಧಾನ ಎಂದು ಸಮಾಧಾನ ಮಾಡಿಕೊಂಡು ತೀರ್ಥಹಳ್ಳಿಯಿಂದ ಎರಡು ಬೆತ್ತದ ಕುರ್ಚಿ ತರಿಸಿದೆ. ಅವು ಬಸ್ಸಿನ ತಲೆಯ ಮೇಲೆ ಕಾಲು ಮೇಲೆ ಮಾಡಿಕೊಂಡು ಬಂದಿಳಿದಾಗ ಬೀದಿಯೇ ನೋಡಿತು. ಅಷ್ಟರಲ್ಲಿ ಹಬ್ಬಿಕೊಂಡಿದ್ದ ಮಲ್ಲಿಗೆ ಚಪ್ಪರದ ಕೆಳಗೆ ಎದುರುಬದುರು ಇಟ್ಟೆ. ಕೋನ ಸರಿಯಿಲ್ಲವೆಂದು ಓರೆಮಾಡಿದೆ, ಓರೆ ಹೆಚ್ಚಾಯಿತೆಂದು ನೇರಮಾಡಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಇವಳೇ, ಎರಡು ಕಾಫಿ ತಗೊಂಡು ಬಾ’ ಎಂದು ಕೂಗಿದೆ. ಶಾರದೆ ಎರಡು ಲೋಟ ತಂದಳು. ಒಂದನ್ನು ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ಖಾಲಿ ಕುರ್ಚಿಯ ಮೇಲಿಟ್ಟು, ‘ಯಾರು ಬರ್ತಾರೆ?’ ಎಂದು ಕೇಳಿದಳು.

‘ಯಾರೂ ಇಲ್ಲ. ಅದು ನಿಂಗೆ. ಕೂತ್ಕೋ.’

ಬಾವಿಗೆ ಹಾರು ಎಂದಿದ್ದರೂ ಅವಳು ಅಷ್ಟು ಬೆಚ್ಚುತ್ತಿರಲಿಲ್ಲ. ರಸ್ತೆಯ ಕಡೆ ನೋಡಿದಳು, ಒಳಗಿದ್ದ ಅಮ್ಮನ ಕಡೆ ನೋಡಿದಳು, ‘ನಿಮಗೆ ಎಂತ ಆಗಿದೆ!’ ಎಂದು ಒಳಗೆ ಓಡಿದಳು. ಆ ಕಾಫಿಯನ್ನು ಕುಡಿದವರು ಶೇಕ್ದಾರ್ ರಾಯರು. ಅವರು ಬಂದದ್ದೇ ಕುರ್ಚಿ ಪರೀಕ್ಷಿಸಲಿಕ್ಕೆ. ಕೂತರು, ಹಿಂದಕ್ಕೆ ಒರಗಿದರು, ‘ಬಹಳ ಅನುಕೂಲವಾಗಿದೆ ಪಂಡಿತರೆ, ಯಾರಿಗೂ ತೊಂದರೆಯಿಲ್ಲ’ ಎಂದರು. ಅಂದಿನಿಂದ ಸಂಜೆಯಾದರೆ ನಾನು ಪ್ರೇಯಸಿಯ ಮುಖ ಕಾಣಬೇಕಾದ ಕಡೆ ರಾಯರ ಮೀಸೆ ಕಾಣತೊಡಗಿತು. ಕಂದಾಯದ ಕಾನೂನು, ಮೂಲವ್ಯಾಧಿಯ ಔಷಧಿ, ಎರಡೂ ನನಗೆ ಬಾಯಿಪಾಠವಾದವು.

ರಾಯರೊಬ್ಬರೇ ಆಗಿದ್ದರೆ ಸೈರಿಸಬಹುದಿತ್ತು. ಆದರೆ ನಮ್ಮ ಕಡೆ ಒಂದು ಧರ್ಮವಿದೆ: ಮನೆಯ ಎದುರಿಗೆ ಬಂದು ಕೂತವನು ಯಾರೇ ಆಗಲಿ, ಅವನಿಗೆ ಬೆಲ್ಲ ನೀರು ಕೊಡಬೇಕು, ಎಲೆಅಡಿಕೆ ತಟ್ಟೆ ಮುಂದಿಡಬೇಕು, ‘ಮಳೆ ಹೇಗೆ ನಿಮ್ಮ ಕಡೆ’ ಎಂದು ಕೇಳಬೇಕು. ಇದುವರೆಗೆ ಬೇಲಿಬಾಗಿಲಿನ ದಣಪೆ ದಾಟಿ ಬರಲು ಜನಕ್ಕೆ ಒಂದು ಕೆಲಸ ಬೇಕಾಗಿತ್ತು. ಈಗ ರಸ್ತೆಗೆ ಕಾಣುವಂತೆ ನೆರಳು, ನೆರಳಲ್ಲಿ ಕುರ್ಚಿ! ತೀರ್ಥಹಳ್ಳಿ ಬಸ್ಸಿಗೆ ಕಾಯುವವರು ಬಂದರು, ಬಸ್ಸು ತಪ್ಪಿಸಿಕೊಂಡವರು ಬಂದರು, ಎಲ್ಲಿಗೂ ಹೋಗದವರೂ ಬಂದರು. ಒಂದು ದಿನ ಬಸ್ಸೇ ನಮ್ಮ ಮನೆಯೆದುರು ಕೆಟ್ಟು ನಿಂತು, ಅದರ ಹೊಟ್ಟೆಯೊಳಗಿದ್ದವರೆಲ್ಲ ನನ್ನ ವಿಶ್ರಾಂತಿವಾಟಿಕೆಯಲ್ಲಿ ಬುತ್ತಿ ಬಿಚ್ಚಿದರು. ಹುಂಚದ ಬಸದಿಗೆ ಹೊರಟಿದ್ದ ಮುದುಕಿಯೊಬ್ಬಳು ನನ್ನನ್ನೇ ಕರೆದು, ‘ಏ ತಮ್ಮಾ, ಈ ಹೋಟೆಲಿನವರು ಎಲ್ಲಿ ಹೋದ್ರು, ನೀರು ಕೇಳು’ ಎಂದಳು. ನಾನು ತಂದುಕೊಟ್ಟೆ. ಇನ್ನೇನು ಮಾಡಲಿ? ಮನೆಯ ಯಜಮಾನ ಕೂರುವಂತಿಲ್ಲ, ಕುರ್ಚಿಯನ್ನು ಅತಿಥಿಗೆ ಬಿಟ್ಟು ಎದ್ದು ನಿಲ್ಲಬೇಕು. ಕೂರಲಿಕ್ಕೆಂದೇ ನಾನು ರಚಿಸಿದ ಆ ಜಾಗದಲ್ಲಿ ನನ್ನಷ್ಟು ನಿಂತವರು ಬೇರೊಬ್ಬರಿಲ್ಲ. ಜನರಿಲ್ಲದಾಗ ಕುರ್ಚಿಗಳು ಬಿಡುವಾಗಿದ್ದವೇ? ಒಂದರ ಮೇಲೆ ಅಮ್ಮನ ಹಪ್ಪಳ ಒಣಗುತ್ತಿತ್ತು, ಇನ್ನೊಂದರ ಮೇಲೆ ಕಾಗೆ ಓಡಿಸುವ ಕೋಲು.

ಶಾರದೆಯೋ, ಒಳಗಿಂದ ಹೊರಗೆ, ಹೊರಗಿಂದ ಒಳಗೆ, ಚೊಂಬು ಹಿಡಿದು ಓಡಾಡಿ ಸುಸ್ತಾದಳು. ಅವಳನ್ನು ಕೂರಿಸಲಿಕ್ಕೆಂದು ಮಾಡಿದ ವ್ಯವಸ್ಥೆಯಿಂದ ಅವಳು ಮೊದಲು ಕೂರುತ್ತಿದ್ದಷ್ಟೂ ಕೂರದಂತಾಯಿತು. ಒಂದು ಭಾನುವಾರ ಮಧ್ಯಾಹ್ನ ನನಗೆ ನಿಜವಾಗಿಯೂ ಬೇಸರವಾಯಿತು. ಅಡುಗೆಮನೆಯ ಬಾಗಿಲಿಗೆ ಹೋಗಿ, ‘ಆ ಕುರ್ಚಿ ಎರಡನ್ನೂ ರಾಯರಿಗೆ ಕೊಟ್ಟುಬಿಡ್ತೇನೆ’ ಎಂದೆ.

‘ಅಯ್ಯೋ, ಎಂತಕ್ಕೆ? ಅಷ್ಟು ಆಸೆಪಟ್ಟು ತರ್ಸಿದ್ದು?’

‘ನನ್ನ ಆಸೆ ಕುರ್ಚಿಯದಲ್ಲ ಮಾರಾಯ್ತಿ. ನಿನ್ನೆದುರು ಒಂದು ದಿನ ಕೂತ್ಕೊಳ್ಬೇಕು ಅಂತ. ಅಷ್ಟೇ. ಇಷ್ಟೆಲ್ಲ ಮಾಡಿದ್ದು ಅದಕ್ಕೇ.’

ಪಂಡಿತನ ಬಾಯಲ್ಲಿ ಒಂದು ಸಮಾಸವೂ ಇಲ್ಲದ ಮಾತು ಬಂದದ್ದಕ್ಕೋ ಏನೋ, ಅವಳು ಸೌಟು ಹಿಡಿದುಕೊಂಡು ಹಾಗೇ ನಿಂತಳು. ಮುಖ ಕೆಂಪಾಯಿತು. ಮೆಲ್ಲಗೆ, ‘ನಂಗೂ ಆಸೆ ಇಲ್ಲ ಅಂತ ತಿಳ್ಕೊಂಡ್ರಾ? ಆದ್ರೆ ಕೈಯಲ್ಲಿ ಕೆಲಸ ಇಲ್ದೆ ಹೆಂಗಸು ಹೊರಗೆ ಸುಮ್ಮನೆ ಕೂತ್ರೆ ಊರವರು ಎಂತ ಹೇಳ್ತಾರೆ? ಒಂದೋ ಇವಳಿಗೆ ಹುಷಾರಿಲ್ಲ ಅಂತಾರೆ, ಇಲ್ಲ ಅತ್ತೆ ಹತ್ರ ಜಗಳ ಅಂತಾರೆ’ ಎಂದಳು. ಅವಳ ಮಾತು ಸತ್ಯ. ನಮ್ಮೂರಿನ ಯಾವ ಹೆಂಗಸೂ ಹೂವಿನ ದಾರವೋ ತರಕಾರಿಯ ಬುಟ್ಟಿಯೋ ಕೈಯಲ್ಲಿಲ್ಲದೆ ಮನೆಯ ಹೊರಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಎಂಜಿನಿಯರನ ಮನೆಯಲ್ಲಿ ಹುಲ್ಲು ನೋಡಿದೆ, ಬೆತ್ತ ನೋಡಿದೆ, ಕೋನ ನೋಡಿದೆ. ಇದೊಂದನ್ನು ಯೋಚಿಸಲೇ ಇಲ್ಲ. ನಾನು ತಲೆತಗ್ಗಿಸಿಕೊಂಡು ಹೊರಗೆ ಬಂದೆ. ನಡುಮನೆಯಲ್ಲಿ ಅಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನಾನು ಹಾದುಹೋಗುವಾಗ ತಲೆಯೆತ್ತಲಿಲ್ಲ. ಕೊನೆಯ ಕಲ್ಲನ್ನೂ ಹೆಕ್ಕಿ ಎಸೆದು, ಅಕ್ಕಿಯನ್ನು ಡಬ್ಬಿಗೆ ಸುರಿದು, ಮುಚ್ಚಳ ಹಾಕಿದಳು.

ಅವತ್ತೇ ಸಂಜೆ ನಾನು ಒಬ್ಬನೇ ಕಾಫಿ ಲೋಟ ಹಿಡಿದು ಚಪ್ಪರದ ಕೆಳಗೆ ಕೂತಿದ್ದೆ. ಅಮ್ಮ ಒಳಗಿಂದ ಬಂದಳು. ಕೈಯಲ್ಲಿ ಮೊರ, ಮೊರದ ತುಂಬ ಅಕ್ಕಿ. ಅದನ್ನು ಎದುರಿನ ಕುರ್ಚಿಯ ಮೇಲೆ ಇಟ್ಟು, ರಸ್ತೆಯ ಆಚೆಯವರಿಗೂ ಕೇಳುವಂತೆ ಕೂಗಿದಳು: ‘ಏ ಶಾರದೆ! ಇಲ್ಲಿ ಬಾ. ಈ ಅಕ್ಕಿ ಆರಿಸು. ಒಳಗೆ ಕತ್ಲೆ, ನಂಗೆ ಕಣ್ಣು ಕಾಣಲ್ಲ.’

ಶಾರದೆ ಹೊಸಿಲಲ್ಲಿ ನಿಂತು ಅತ್ತೆಯ ಮುಖ ನೋಡಿದಳು.

‘ಎಂತ ನೋಡ್ತೀಯ, ಕೂರು. ನಿಂತ್ಕೊಂಡು ಅಕ್ಕಿ ಆರಿಸ್ಲಿಕ್ಕೆ ಆಗ್ತದಾ?’ ಎಂದು ಅಮ್ಮ ಗದರಿದಳು. ಆಮೇಲೆ ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ‘ಇಷ್ಟೆಲ್ಲ ಇದಕ್ಕೇ ಅಂತ ನಂಗೆ ಯಾರೂ ಹೇಳ್ಲಿಲ್ಲ’ ಎಂದಳು.

ಶಾರದೆ ಮೊರವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಅಂಚಿಗೆ ಕೂತಳು. ಅಷ್ಟರಲ್ಲಿ ರಾಯರು ದಣಪೆ ತೆಗೆದರು. ಅಮ್ಮ ಅಲ್ಲಿಗೇ ಹೋಗಿ ಅಡ್ಡ ನಿಂತು, ‘ಸೊಸೆ ಕೆಲಸದಲ್ಲಿದಾಳೆ ರಾಯರೆ, ನೀವು ಈ ಕಡೆ ಜಗಲಿಗೆ ಬನ್ನಿ. ಆ ಮೂಲವ್ಯಾಧಿ ಔಷಧಿ ನಂಗೂ ಹೇಳಿ’ ಎಂದು ಕರೆದುಕೊಂಡು ಹೋದಳು. ಮೂಲವ್ಯಾಧಿ ಅಮ್ಮನಿಗೆ ಯಾವ ಕಾಲಕ್ಕೂ ಇರಲಿಲ್ಲ.

ನಾನು ಕಾಫಿ ಕುಡಿಯುತ್ತಾ ನೋಡಿದೆ. ಸಂಜೆಯ ಬಿಸಿಲು ಓರೆಯಾಗಿ ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಬಲಗಡೆಯ ಹುಬ್ಬಿನ ಹತ್ತಿರ ಒಂದು ಸಣ್ಣ ಮಚ್ಚೆ ಇರುವುದು ನನಗೆ ಗೊತ್ತೇ ಇರಲಿಲ್ಲ. ಅವಳು ಬಗ್ಗಿ ಅಕ್ಕಿಯನ್ನು ಬೆರಳಿನಿಂದ ಸರಿಸುತ್ತಿದ್ದಳು, ಏನನ್ನೋ ಹೆಕ್ಕುತ್ತಿದ್ದಳು, ಪಕ್ಕಕ್ಕೆ ಎಸೆಯುತ್ತಿದ್ದಳು. ಎಸೆದ ಕಡೆ ಏನೂ ಬೀಳುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವವರು ನೋಡಿದರು, ಅಕ್ಕಿ ಆರಿಸುತ್ತಿದ್ದಾಳೆ ಎಂದುಕೊಂಡು ತಮ್ಮ ದಾರಿ ಹಿಡಿದರು. ಸ್ವಲ್ಪ ಸ್ವಲ್ಪವಾಗಿ ಅವಳು ಕುರ್ಚಿಯ ಅಂಚಿನಿಂದ ಹಿಂದಕ್ಕೆ ಸರಿದು, ಬೆನ್ನು ಒರಗಿಸಿದಳು. ನನ್ನ ಕಾಫಿ ಮುಗಿದುಹೋಯಿತು. ಇನ್ನೇನು ಇವಳು ಏಳುತ್ತಾಳೆ ಎಂದು ನನಗೆ ಒಳಗೊಳಗೇ ಭಯ.

‘ಮುಗೀತಾ?’ ಎಂದು ಕೇಳಿದೆ.

ಅವಳು ತಲೆಯೆತ್ತಿ, ನನ್ನನ್ನು ನೇರವಾಗಿ ನೋಡಿ, ನಕ್ಕಳು. ‘ಎಲ್ಲಿ ಮುಗೀತದೆ? ಬರೀ ಕಲ್ಲು’ ಎಂದವಳೇ, ಆರಿಸಿಟ್ಟ ಅಕ್ಕಿಯನ್ನೂ ಆರಿಸದ ಅಕ್ಕಿಯನ್ನೂ ಒಟ್ಟಿಗೆ ಬೆರೆಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು.